ಪದ ಪರಿಚಯ: ‘ಆ್ಯಕ್ಟಿವ್ ಡ್ಯೂಟಿ’, ಮತ್ತು ಅಲ್ಲಿಂದ ಮೆಡಿಕಲ್ ಕಾಲೇಜಿಗೆ ಹೋಗುವ ದಾರಿಗಳು

ಅಮೆರಿಕದ ಸೈನ್ಯ ಸೇರಿದರೆ ಡಾಕ್ಟರಿ ಓದು ಪೂರ್ತಿ ಫ್ರೀ ಅನ್ನುವ ಫಾರ್ವರ್ಡ್ ಮತ್ತೆ ಓಡಾಡುತ್ತಿದೆ. ಈ ಸಲದ್ದರಲ್ಲಿ ಒಂದು ಹೊಸ ಸಾಲು ಸೇರಿಕೊಂಡಿದೆ: ಇದು ‘ಸಕ್ರಿಯ ಸೇವೆಯಲ್ಲಿರುವ, ಅಂದರೆ ಯುದ್ಧಭೂಮಿಯಲ್ಲಿ ಹೋರಾಡುತ್ತಿರುವ’ ಯೋಧರಿಗೆ ಮಾತ್ರ ಅಂತೆ. ಯುದ್ಧಭೂಮಿಯಲ್ಲಿ ಹೋರಾಡುತ್ತಿರುವವನು ಮೆಡಿಕಲ್ ಸ್ಕೂಲಿಗೆ ಬೇಕಾದ ಆರ್ಗ್ಯಾನಿಕ್ ಕೆಮಿಸ್ಟ್ರಿ ಲ್ಯಾಬ್ ಯಾವಾಗ ಮುಗಿಸುತ್ತಾನೆ ಅಂತ ಬರೆದವರೂ ಯೋಚಿಸಿಲ್ಲ, ಕಳಿಸಿದವರೂ ಯೋಚಿಸಿಲ್ಲ. ಇಂಗ್ಲಿಷಿನಲ್ಲಿ ‘ಆ್ಯಕ್ಟಿವ್ ಡ್ಯೂಟಿ’ ಅಂತ ಕಂಡರೆ ಸಾಕು, ಕನ್ನಡಕ್ಕೆ ಬರುವಾಗ ಕೈಗೊಂದು ಬಂದೂಕು ಬಂದುಬಿಡುತ್ತದೆ.

ಇದು ಬರೀ ಅನುವಾದದ ಗಲಾಟೆ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಆದರೆ ಅಮೆರಿಕದ ಸೇನೆಯಿಂದ ಮೆಡಿಕಲ್ ಸ್ಕೂಲಿಗೆ ಹೋಗುವ ದಾರಿಗಳೆಲ್ಲ ಈ ಒಂದು ಪದದ ಮೇಲೆ ನಿಂತಿವೆ. ಓದುವಾಗ ನೀವು ಆ್ಯಕ್ಟಿವ್ ಡ್ಯೂಟಿಯಲ್ಲಿ ಇರುತ್ತೀರೋ ಇಲ್ಲವೋ ಅನ್ನುವುದರ ಮೇಲೆ ಸಂಬಳ, ಮನೆ ಬಾಡಿಗೆ, ಹೆಂಡತಿ ಮಕ್ಕಳ ಇನ್ಶೂರೆನ್ಸ್ ಎಲ್ಲ ಬದಲಾಗುತ್ತದೆ.

ಮೊದಲು ಕಾನೂನು ಏನು ಹೇಳುತ್ತೆ ನೋಡೋಣ. ಅಮೆರಿಕದ ಸೇನೆಗೆ ಸಂಬಂಧಿಸಿದ ಮುಖ್ಯ ಕಾನೂನು ‘ಟೈಟಲ್ 10’ ಅನ್ನುವ ಸಂಹಿತೆಯಲ್ಲಿದೆ. ಅದರ 101ನೇ ಸೆಕ್ಷನ್ ಪ್ರಕಾರ ಆ್ಯಕ್ಟಿವ್ ಡ್ಯೂಟಿ ಅಂದರೆ ದೇಶದ ಸೇನೆಯಲ್ಲಿ ಪೂರ್ಣಾವಧಿ ಕೆಲಸ. ಅಷ್ಟೇ. ಶತ್ರು, ಗುಂಡು, ಗಡಿ ಯಾವುದೂ ಆ ವ್ಯಾಖ್ಯೆಯಲ್ಲಿ ಇಲ್ಲ. ಬದಲಿಗೆ ಏನಿದೆ ಗೊತ್ತಾ? ಪೂರ್ಣಾವಧಿ ತರಬೇತಿಯೂ ಇದರಲ್ಲಿ ಸೇರುತ್ತದೆ, ಸೇವೆಯಲ್ಲಿದ್ದುಕೊಂಡು ಸೇನೆ ಗುರುತಿಸಿದ ಶಾಲೆಗೆ ಹೋಗುವುದೂ ಸೇರುತ್ತದೆ ಅಂತ ಬಿಡಿಸಿ ಬರೆದಿದ್ದಾರೆ. ಅಂದರೆ ಕ್ಲಾಸ್‌ರೂಮಿನಲ್ಲಿ ಕೂತು ಅನಾಟಮಿ ಓದುವವನೂ ಆ್ಯಕ್ಟಿವ್ ಡ್ಯೂಟಿಯಲ್ಲೇ ಇರಬಹುದು. ಅದೇ ವ್ಯಾಖ್ಯೆಯ ಕೊನೆಯಲ್ಲಿ ಇನ್ನೊಂದು ತಮಾಷೆ ಇದೆ. ನ್ಯಾಷನಲ್ ಗಾರ್ಡ್‌ನವರು, ಅಂದರೆ ಒಂದೊಂದು ರಾಜ್ಯಕ್ಕೂ ಇರುವ ಮೀಸಲು ಪಡೆಯವರು, ತಮ್ಮ ರಾಜ್ಯದ ಕೈಕೆಳಗೆ ದಿನವಿಡೀ ಯೂನಿಫಾರ್ಮ್ ಹಾಕಿಕೊಂಡು ದುಡಿದರೂ ಆ ‘ಪೂರ್ಣಾವಧಿ ಗಾರ್ಡ್ ಡ್ಯೂಟಿ’ ಇದರಲ್ಲಿ ಬರುವುದಿಲ್ಲ.

ಹಾಗಾದರೆ ನಮ್ಮವರ ತಲೆಗೆ ಯುದ್ಧಭೂಮಿ ಎಲ್ಲಿಂದ ಬಂತು? ಸುಮ್ನೆ ಬಂದದ್ದಲ್ಲ. ನಮ್ಮ 1950ರ ಆರ್ಮಿ ಆ್ಯಕ್ಟ್‌ನಲ್ಲಿ ‘ಆ್ಯಕ್ಟಿವ್ ಸರ್ವಿಸ್’ ಅಂತ ಒಂದು ಪದ ಇದೆ. ಅದರ 3ನೇ ಸೆಕ್ಷನ್ನಿನಲ್ಲಿ ಅರ್ಥ ಕೊಟ್ಟಿದ್ದಾರೆ: ಶತ್ರುವಿನ ವಿರುದ್ಧ ಕಾರ್ಯಾಚರಣೆಯಲ್ಲಿರುವ ಪಡೆಯ ಜೊತೆ ಇರುವ ಕಾಲ, ಶತ್ರು ಹಿಡಿದುಕೊಂಡಿರುವ ಜಾಗದಲ್ಲೋ ಅದರ ಕಡೆಗೆ ಹೋಗುವ ದಾರಿಯಲ್ಲೋ ಇರುವ ಕಾಲ, ಬೇರೆ ದೇಶವನ್ನು ಸೇನೆ ವಶಪಡಿಸಿಕೊಂಡು ಕೂತಿರುವ ಕಾಲ. ಇಲ್ಲಿ ನಿಜಕ್ಕೂ ಬಂದೂಕು ಇದೆ. ಬೆಳಗಾವಿಯ ಮರಾಠಾ ಲೈಟ್ ಇನ್ಫೆಂಟ್ರಿ ಸೆಂಟರ್‌ನಲ್ಲಿ ಹೊಸ ಹುಡುಗರಿಗೆ ಡ್ರಿಲ್ ಹೇಳಿಕೊಡುವ ಹವಾಲ್ದಾರರನ್ನು ತೆಗೆದುಕೊಳ್ಳಿ. ಅವರು ಪೂರ್ಣಾವಧಿ ಸೈನಿಕರೇ. ಆದರೆ ಕೆಲಸದಲ್ಲಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ನಮ್ಮ ಕಾನೂನಿನ ಪ್ರಕಾರ ಅವರು ‘ಆ್ಯಕ್ಟಿವ್ ಸರ್ವಿಸ್’ನಲ್ಲಿ ಇರುವುದಿಲ್ಲ. ಅದೇ ಕೆಲಸವನ್ನು ಅಮೆರಿಕದ ಆರ್ಮಿಯಲ್ಲಿ ಮಾಡುವ ಸಾರ್ಜೆಂಟ್ ಮಾತ್ರ ಆ್ಯಕ್ಟಿವ್ ಡ್ಯೂಟಿಯಲ್ಲಿ ಇರುತ್ತಾನೆ, ರಜೆ ಹಾಕಿ ಊರಿಗೆ ಹೋಗಿ ಮಲಗಿದ್ದರೂ. ಎರಡು ದೇಶದ ಎರಡು ಬೇರೆ ಪದ, ಎರಡಕ್ಕೂ ನಾವು ಹಚ್ಚಿದ್ದು ಒಂದೇ ‘ಸಕ್ರಿಯ ಸೇವೆ’. ಆಮೇಲೆ ಗೊಂದಲ ಅಂದರೆ ಹೇಗೆ?

ಜೊತೆಗೆ ನಮ್ಮ ‘ಡ್ಯೂಟಿ’ ಬೇರೆ. ಬಸ್ ಕಂಡಕ್ಟರ್ ‘ಡ್ಯೂಟಿ ಮುಗೀತು’ ಅಂದರೆ ಪಾಳಿ ಮುಗೀತು ಅಂತ. ಅಮೆರಿಕದ ಸೈನಿಕ ‘ನಾನು ಆ್ಯಕ್ಟಿವ್ ಡ್ಯೂಟಿ’ ಅಂದರೆ ತನ್ನ ನೌಕರಿಯ ಬಗೆ ಹೇಳುತ್ತಿದ್ದಾನೆ. ಎದುರಿಗೆ ಇರುವ ಪದ ‘ರಿಸರ್ವ್’, ಅಂದರೆ ಪೂರ್ಣಾವಧಿ ಅಲ್ಲದ, ಕರೆದಾಗ ಬರುವ ಮೀಸಲು ಪಡೆ. ಕನ್ನಡದಲ್ಲಿ ಹೇಳಲೇಬೇಕು ಅಂದರೆ ‘ಪೂರ್ಣಾವಧಿ ಸೇನಾ ನೌಕರಿ’ ಅನ್ನಿ, ಮುಗೀತು.

ಈಗ ಮೆಡಿಕಲ್ ವಿಷಯ. ಅಮೆರಿಕದಲ್ಲಿ ಮೆಡಿಕಲ್ ಸ್ಕೂಲ್ ಪಿಯುಸಿ ಆದಮೇಲೆ ಅಲ್ಲ, ಡಿಗ್ರಿ ಆದಮೇಲೆ ಅನ್ನುವುದು ನಿಮಗೆ ಗೊತ್ತಿರುತ್ತದೆ. ಸೇನೆಯ ಎರಡು ದೊಡ್ಡ ದಾರಿಗಳೂ ಹುಟ್ಟಿದ್ದು ಒಂದೇ ಕಾನೂನಿನಿಂದ, 1972ರಲ್ಲಿ. ಅದಕ್ಕೆ ಮುಂಚೆ ಡಾಕ್ಟರುಗಳನ್ನು ಕಡ್ಡಾಯವಾಗಿ ಸೇನೆಗೆ ಎಳೆದುಕೊಳ್ಳುವ ‘ಡಾಕ್ಟರ್ ಡ್ರಾಫ್ಟ್’ ಇತ್ತು. ಡ್ರಾಫ್ಟ್ 1973ರಲ್ಲಿ ನಿಂತಿತು. ಇನ್ನು ಡಾಕ್ಟರುಗಳು ಎಲ್ಲಿಂದ ಬರಬೇಕು? ಅದಕ್ಕೆ ಒಂದು ಕಡೆ ಸ್ವಂತ ಮೆಡಿಕಲ್ ಸ್ಕೂಲ್, ಇನ್ನೊಂದು ಕಡೆ ಸ್ಕಾಲರ್‌ಶಿಪ್. ಸ್ಕೂಲ್ ಅಂದರೆ ಮೇರಿಲ್ಯಾಂಡ್‌ನ ಬೆಥೆಸ್ಡಾದಲ್ಲಿರುವ ಯೂನಿಫಾರ್ಮ್ಡ್ ಸರ್ವಿಸಸ್ ಯೂನಿವರ್ಸಿಟಿ. ಜನ ಚಿಕ್ಕದಾಗಿ ಯುಎಸ್‌ಯು ಅನ್ನುತ್ತಾರೆ. ಇದಕ್ಕಾಗಿ ವರ್ಷಗಟ್ಟಲೆ ಗುದ್ದಾಡಿದ ಲೂಸಿಯಾನಾದ ಸಂಸದ ಎಡ್ವರ್ಡ್ ಹೆಬರ್ ಅವರ ಹೆಸರನ್ನೇ ಮೆಡಿಕಲ್ ಸ್ಕೂಲಿಗೆ ಇಟ್ಟಿದ್ದಾರೆ. ಮೊದಲ ಬ್ಯಾಚ್ ಹೊರಬಂದದ್ದು 1980ರಲ್ಲಿ. ಸ್ಕಾಲರ್‌ಶಿಪ್ಪಿನ ಹೆಸರು ಹೆಲ್ತ್ ಪ್ರೊಫೆಷನ್ಸ್ ಸ್ಕಾಲರ್‌ಶಿಪ್ ಪ್ರೋಗ್ರಾಂ, ಅಂದರೆ ಎಚ್‌ಪಿಎಸ್‌ಪಿ.

ಫಾರ್ವರ್ಡ್‌ಗಳು ಇವೆರಡನ್ನೂ ಕಲಸಿ ಒಂದೇ ಮುದ್ದೆ ಮಾಡುತ್ತವೆ. ಎರಡೂ ‘ಸೇನೆ ಕೊಡುವ ಫ್ರೀ ಡಾಕ್ಟರಿ’ ಅಲ್ವಾ ಅಂತ. ಅಲ್ಲ. ಯುಎಸ್‌ಯು ವಿದ್ಯಾರ್ಥಿ ಮೊದಲ ದಿನದಿಂದಲೇ ಅಧಿಕಾರಿ. ಪೂರ್ಣಾವಧಿ ಆ್ಯಕ್ಟಿವ್ ಡ್ಯೂಟಿ, ಸಂಬಳ, ಬಾಡಿಗೆ ಭತ್ಯೆ, ಮನೆಯವರಿಗೆಲ್ಲ ಟ್ರೈಕೇರ್ ಇನ್ಶೂರೆನ್ಸ್. ಫೀಸು ಇಲ್ಲ. ಎಚ್‌ಪಿಎಸ್‌ಪಿ ವಿದ್ಯಾರ್ಥಿ ಮಾಮೂಲಿ ಸಿವಿಲಿಯನ್ ಮೆಡಿಕಲ್ ಸ್ಕೂಲಿನಲ್ಲಿ ಓದುತ್ತಾನೆ. ಫೀಸು ಸೇನೆ ಕಟ್ಟುತ್ತದೆ, ತಿಂಗಳಿಗೆ ಸ್ಟೈಪೆಂಡ್ ಕೊಡುತ್ತದೆ. ಅವನೂ ಸೆಕೆಂಡ್ ಲೆಫ್ಟಿನೆಂಟೇ, ನೇವಿಯಾದರೆ ಎನ್ಸೈನ್. ಆದರೆ ಅವನನ್ನು ಇಟ್ಟಿರುವುದು ರಿಸರ್ವ್‌ನಲ್ಲಿ. ವರ್ಷಕ್ಕೆ 45 ದಿನ ಮಾತ್ರ ಆ್ಯಕ್ಟಿವ್ ಡ್ಯೂಟಿ, ಉಳಿದ ದಿನಗಳಲ್ಲಿ ಕಾನೂನಿನ ಕಣ್ಣಿಗೆ ಅವನು ಆ್ಯಕ್ಟಿವ್ ಡ್ಯೂಟಿಯವನಲ್ಲ.

ಇಪ್ಪತ್ತೆರಡರ, ಮದುವೆಯಾಗದ ಹುಡುಗನಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಎಂಟು ವರ್ಷ ಸಾರ್ಜೆಂಟ್ ಗೀರ್ಜೆಂಟ್ ಅಂತ ದುಡಿದು, ಹೆಂಡತಿ, ಎರಡು ಮಕ್ಕಳು, ಬೇಸ್ ಪಕ್ಕ ಬಾಡಿಗೆ ಮನೆ ಮಾಡಿಕೊಂಡಿರುವವನು ‘ಹೇಗೂ ಆರ್ಮಿಯಲ್ಲೇ ಇರುತ್ತೀನಲ್ಲ’ ಅಂದುಕೊಂಡು ಎಚ್‌ಪಿಎಸ್‌ಪಿಗೆ ಸಹಿ ಹಾಕಿದರೆ? ಅವನು ಮೊದಲು ಆ್ಯಕ್ಟಿವ್ ಡ್ಯೂಟಿ ಬಿಟ್ಟು ಹೊರಬರಬೇಕು. ಅದಕ್ಕೆ ಡಿಡಿ ಫಾರ್ಮ್ 368 ಅಂತ ಒಂದು ಬಿಡುಗಡೆ ಪತ್ರ ಬೇಕು, ತನ್ನ ಸೇನೆ ಅದನ್ನು ಒಪ್ಪಬೇಕು. ಹೊರಬಂದ ಮೇಲೆ ತಿಂಗಳ ಸಂಬಳ ನಿಲ್ಲುತ್ತದೆ, ಬಾಡಿಗೆ ಭತ್ಯೆ ನಿಲ್ಲುತ್ತದೆ, ಆ 45 ದಿನ ಬಿಟ್ಟರೆ ಮನೆಯವರಿಗೆ ಟ್ರೈಕೇರ್ ಇಲ್ಲ. ಕೈಗೆ ಉಳಿಯುವುದು ಸ್ಟೈಪೆಂಡ್. ಸಂಸಾರಸ್ಥನಿಗೆ ಯುಎಸ್‌ಯು ಬಿಟ್ಟು ಇದನ್ನು ಹಿಡಿ ಅಂತ ನಾನಂತೂ ಹೇಳಲಾರೆ. ಹೆಂಡತಿಗೆ ಒಳ್ಳೆ ಕೆಲಸ, ಇನ್ಶೂರೆನ್ಸ್ ಎರಡೂ ಇದ್ದರೆ ಲೆಕ್ಕ ಬೇರೆ. ಎಚ್‌ಪಿಎಸ್‌ಪಿಯಲ್ಲಿ ಸೇನೆಗೆ ತೀರಿಸಬೇಕಾದ ಸೇವೆಯ ಸಾಲವೂ ಕಮ್ಮಿ. ನಾಲ್ಕು ವರ್ಷದ ಸ್ಕಾಲರ್‌ಶಿಪ್ಪಿಗೆ ನಾಲ್ಕು ವರ್ಷ ಸೇವೆ. ಯುಎಸ್‌ಯುಗೆ ಏಳು. ರೆಸಿಡೆನ್ಸಿ, ಅಂದರೆ ಮೆಡಿಕಲ್ ಸ್ಕೂಲ್ ಮುಗಿದ ಮೇಲೆ ಆಸ್ಪತ್ರೆಯಲ್ಲಿ ತರಬೇತಿ ಪಡೆಯುವ ವರ್ಷಗಳು ಈ ಸಾಲಕ್ಕೆ ಜಮಾ ಆಗುವುದಿಲ್ಲ.

ಯುಎಸ್‌ಯುನಲ್ಲೂ ಎಲ್ಲ ಸಿಹಿ ಅಲ್ಲ. ಇಲ್ಲೇ ‘ಆ್ಯಕ್ಟಿವ್ ಡ್ಯೂಟಿ’ ಪದ ಇನ್ನೊಂದು ಆಟ ಆಡುತ್ತದೆ. ಕಾನೂನಿನ ಪ್ರಕಾರ ಅಲ್ಲಿನ ಮೆಡಿಕಲ್ ವಿದ್ಯಾರ್ಥಿಗಳೆಲ್ಲ ಶುರುಮಾಡುವುದು ಓ-1ರಲ್ಲಿ, ಅಂದರೆ ಅಧಿಕಾರಿಗಳ ಏಣಿಯ ಮೊದಲ ಮೆಟ್ಟಿಲಲ್ಲಿ. ಹಿಂದಿನ ವಾರದವರೆಗೆ ಕ್ಯಾಪ್ಟನ್ ಆಗಿದ್ದವರೂ ಹೆಗಲ ಮೇಲಿನ ಪಟ್ಟಿ ಬಿಚ್ಚಿಟ್ಟು ಸೆಕೆಂಡ್ ಲೆಫ್ಟಿನೆಂಟ್ ಆಗಿ ಕೂರಬೇಕು. ಅಧಿಕಾರಿ ಅಲ್ಲದ ಸೈನಿಕ ದರ್ಜೆಯಿಂದ ಬಂದವರಿಗೆ ಇದು ಬಡ್ತಿ. ನಾಲ್ಕು ವರ್ಷಕ್ಕಿಂತ ಜಾಸ್ತಿ ಸೇವೆ ಮಾಡಿದ್ದರೆ ಅದೇ ಓ-1ಗೆ ಸ್ವಲ್ಪ ಹೆಚ್ಚಿನ ಸಂಬಳದ ದರವೂ ಸಿಗುತ್ತದೆ. ಆದರೆ ಪೆನ್ಷನ್ನಿಗೆ ಬೇಕಾದ 20 ವರ್ಷದ ಲೆಕ್ಕದಲ್ಲಿ ಮೆಡಿಕಲ್ ಸ್ಕೂಲಿನ ನಾಲ್ಕು ವರ್ಷ ಹಿಡಿಯುವುದಿಲ್ಲ. ಹೌದು, ಆ್ಯಕ್ಟಿವ್ ಡ್ಯೂಟಿಯೇ, ಸಂಬಳವೂ ಬರುತ್ತದೆ, ಆದರೆ ಎಣಿಕೆಗೆ ಇಲ್ಲ. ಬೇರೆ ಸೇವೆಯಿಂದ 20 ತುಂಬಿದ ಮೇಲೆ ಮಾತ್ರ ಪೆನ್ಷನ್ ಮೊತ್ತ ಹಾಕುವಾಗ ಆ ನಾಲ್ಕನ್ನು ಸೇರಿಸುತ್ತಾರೆ.

ಒಂದು ಉದಾಹರಣೆ ಹಾಕಿ ನೋಡಿ. ಹದಿನೆಂಟಕ್ಕೆ ಸೇರಿದ ಹುಡುಗಿ, 8 ವರ್ಷ ಸೇವೆ. ಆಮೇಲೆ 2 ವರ್ಷ ತಯಾರಿ ಕೋರ್ಸ್ (ಅದರ ವಿಷಯ ಈಗಲೇ ಬರುತ್ತದೆ), 4 ವರ್ಷ ಯುಎಸ್‌ಯು, 3 ವರ್ಷ ಫ್ಯಾಮಿಲಿ ಮೆಡಿಸಿನ್ ರೆಸಿಡೆನ್ಸಿ, 7 ವರ್ಷ ಸಾಲ ತೀರಿಸುವ ಸೇವೆ. ಕ್ಯಾಲೆಂಡರಿನಲ್ಲಿ 24 ವರ್ಷ, ವಯಸ್ಸು 42. ಪೆನ್ಷನ್ ಲೆಕ್ಕದಲ್ಲಿ ಸರಿಯಾಗಿ 20. ಅವಳಿಗೆ ಇದು ಚೆನ್ನಾಗಿ ಹೊಂದಿಬಂತು. ಹೇಗೂ ಇಪ್ಪತ್ತು ವರ್ಷ ಇರಬೇಕು ಅಂತಿದ್ದವಳಿಗೆ ಏಳು ವರ್ಷದ ಕರಾರು ಹೊರೆ ಅನ್ನಿಸುವುದಿಲ್ಲ. ಆದರೆ ಇದನ್ನು ‘ಫ್ರೀ’ ಅಂತ ಕರೆಯುವವರಿಗೆ ಏನು ಹೇಳುವುದು? ಇಪ್ಪತ್ತಾರರಿಂದ ನಲವತ್ತೆರಡರವರೆಗೆ ಎಲ್ಲಿ ಇರಬೇಕು ಅನ್ನುವುದನ್ನು ಬೇರೆಯವರು ತೀರ್ಮಾನ ಮಾಡುತ್ತಾರೆ. ಯಾವ ರೆಸಿಡೆನ್ಸಿ ಅನ್ನುವುದರಲ್ಲೂ ಸೇನೆಯ ಅಗತ್ಯದ್ದೇ ದೊಡ್ಡ ಮಾತು.

ಈಗ ಆ ಎರಡು ವರ್ಷದ ಕೋರ್ಸ್. ಹೆಸರು ಎನ್‌ಲಿಸ್ಟೆಡ್ ಟು ಮೆಡಿಕಲ್ ಡಿಗ್ರಿ ಪ್ರಿಪರೇಟರಿ ಪ್ರೋಗ್ರಾಂ, ಬರೆಯುವಾಗ ಇಎಂಡಿಪಿ2. 2014ರಲ್ಲಿ ಶುರುವಾಯಿತು, ಮೊದಲಿಗೆ ಆರ್ಮಿ ಮತ್ತು ಏರ್ ಫೋರ್ಸ್‌ನವರಿಗೆ. ವರ್ಜೀನಿಯಾದ ಜಾರ್ಜ್ ಮೇಸನ್ ಯೂನಿವರ್ಸಿಟಿಯ ಜೊತೆ ಸೇರಿ ಯುಎಸ್‌ಯು ನಡೆಸುತ್ತದೆ. ‘ಎನ್‌ಲಿಸ್ಟೆಡ್’ ಅಂದರೆ ಅಧಿಕಾರಿ ಅಲ್ಲದ ದರ್ಜೆಯವರು, ನಮ್ಮಲ್ಲಿ ಜವಾನ್, ನಾಯಕ್, ಹವಾಲ್ದಾರ್ ಇದ್ದ ಹಾಗೆ. ಇದು ಯಾಕೆ ಬೇಕಾಯಿತು ಅನ್ನುವುದು ನನಗೆ ಕೋರ್ಸಿಗಿಂತ ಮುಖ್ಯ. ಸೈನಿಕರು ಸಂಜೆ ಹೊತ್ತು, ಆನ್‌ಲೈನ್‌ನಲ್ಲಿ, ಸೇನೆಯ ಟ್ಯೂಷನ್ ಅಸಿಸ್ಟೆನ್ಸ್ ದುಡ್ಡಿನಲ್ಲಿ ಡಿಗ್ರಿ ಮುಗಿಸಿಕೊಳ್ಳುತ್ತಾರೆ. ಮ್ಯಾನೇಜ್‌ಮೆಂಟ್, ಇತಿಹಾಸ, ಮನಶ್ಶಾಸ್ತ್ರ ಎಲ್ಲ ಹೀಗೆ ಆಗುತ್ತದೆ. ಕೆಮಿಸ್ಟ್ರಿ ಲ್ಯಾಬ್ ಆಗುವುದಿಲ್ಲ. ಮೆಡಿಕಲ್ ಸ್ಕೂಲಿಗೆ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಲ್ಯಾಬ್ ಸಮೇತ ಬೇಕು. ಸೆಮಿಸ್ಟರ್ ಅರ್ಧದಲ್ಲಿರುವಾಗ ಯೂನಿಟ್ಟನ್ನು ಬೇರೆ ದೇಶಕ್ಕೆ ಕಳಿಸಿದರೆ ಲ್ಯಾಬ್ ಅಲ್ಲಿಗೇ ನಿಂತಿತು. ಬುದ್ಧಿ ಇದ್ದು, ಮನಸ್ಸಿದ್ದು, ಇಷ್ಟಕ್ಕೇ ತಪ್ಪಿಹೋದವರು ಎಷ್ಟೋ ಜನ ಇರಬೇಕು.

ಇಎಂಡಿಪಿ2ನಲ್ಲಿ ಎರಡು ವರ್ಷ ಓದುವುದೇ ಕೆಲಸ. ಅದೂ ಸೈನಿಕರಾಗಿದ್ದುಕೊಂಡೇ, ಪೂರ್ತಿ ಸಂಬಳದ ಮೇಲೆ. ಪದದ ಅರ್ಥ ಗೊತ್ತಿದ್ದರೆ ಇದರಲ್ಲಿ ವಿಚಿತ್ರ ಏನೂ ಕಾಣುವುದಿಲ್ಲ, ಶಾಲೆಯೂ ಆ್ಯಕ್ಟಿವ್ ಡ್ಯೂಟಿ ಅಂತ ಕಾನೂನೇ ಹೇಳಿದೆಯಲ್ಲ. ಲ್ಯಾಬ್ ಸಮೇತ ವಿಜ್ಞಾನದ ಕೋರ್ಸುಗಳು, ಎಂಕ್ಯಾಟ್ (ಮೆಡಿಕಲ್ ಸ್ಕೂಲಿನ ಪ್ರವೇಶ ಪರೀಕ್ಷೆ) ತರಬೇತಿ, ಅರ್ಜಿ ಹಾಕಲು ಮಾರ್ಗದರ್ಶನ, ಎಲ್ಲ ಅಲ್ಲೇ. ಸೇರಲು ಮೊದಲೇ ಒಂದು ಡಿಗ್ರಿ ಇರಬೇಕು, ಕಮಾಂಡರ್ ಶಿಫಾರಸು ಬೇಕು. ಮುಗಿಸಿದ ಮಾತ್ರಕ್ಕೆ ಸೀಟು ಗ್ಯಾರಂಟಿ ಇಲ್ಲ, ಎಲ್ಲರ ಹಾಗೆ ಅರ್ಜಿ ಹಾಕಿ ಗೆಲ್ಲಬೇಕು.

ಉಳಿದ ದಾರಿಗಳನ್ನು ಬೇಗ ಹೇಳಿಬಿಡುತ್ತೇನೆ. ನೇವಿಯಲ್ಲಿ ಎಚ್‌ಎಸ್‌ಸಿಪಿ ಅಂತ ಒಂದಿದೆ. ಅದರಲ್ಲಿ ಓದುವಾಗ ಆ್ಯಕ್ಟಿವ್ ಡ್ಯೂಟಿ ಸಂಬಳ ಬರುತ್ತದೆ, ಕಾಲೇಜಿನ ಫೀಸು ಮಾತ್ರ ನಿಮ್ಮದೇ. ಎಚ್‌ಪಿಎಸ್‌ಪಿಗೆ ಸರಿ ಉಲ್ಟಾ. ಇನ್ನು ಸೇನೆ ಬಿಟ್ಟಮೇಲೆ ಜಿಐ ಬಿಲ್. 2009ರ ಆಗಸ್ಟ್‌ನಿಂದ ಜಾರಿಯಲ್ಲಿರುವ ಪೋಸ್ಟ್ 9/11 ಜಿಐ ಬಿಲ್ 36 ತಿಂಗಳ ಓದಿಗೆ ದುಡ್ಡು ಕೊಡುತ್ತದೆ. ಇದರಲ್ಲಿ ಡಾಕ್ಟರ್ ಆದರೆ ಸೇನೆಗೆ ಮತ್ತೆ ಏನೂ ತೀರಿಸಬೇಕಾಗಿಲ್ಲ, ಯಾಕೆಂದರೆ ಅದು ಆಗಲೇ ಮಾಡಿದ ಸೇವೆಗೆ ಸಿಗುವ ಫಲ. ಹಾಗಾಗಿ ಇದನ್ನು ‘ಸೇನೆಯ ಮೆಡಿಕಲ್ ಸ್ಕಾಲರ್‌ಶಿಪ್’ ಅಂತ ಬರೆಯಬೇಡಿ.

ಯುಎಸ್‌ಯುವನ್ನು ‘ಅಮೆರಿಕದ ಎಎಫ್‌ಎಂಸಿ’ ಅನ್ನುವುದೂ ಅರ್ಧ ಸತ್ಯ. ಎಎಫ್‌ಎಂಸಿ ಅಂದರೆ ಪುಣೆಯಲ್ಲಿರುವ ನಮ್ಮ ಸೇನೆಯ ಮೆಡಿಕಲ್ ಕಾಲೇಜು, 1948ರದ್ದು. ಅಲ್ಲಿಗೆ ಹೋಗುವುದು ಹನ್ನೆರಡನೇ ಕ್ಲಾಸ್ ಮುಗಿಸಿ ನೀಟ್ ಬರೆದ ಮಕ್ಕಳು, ಅಧಿಕಾರಿ ಆಗುವುದು ಎಂಬಿಬಿಎಸ್ ಪಾಸಾದ ಮೇಲೆ. ಎಂಟು ವರ್ಷ ಸೇವೆ ಮಾಡಿದ ಹವಾಲ್ದಾರರನ್ನು ಕರೆದು ಎರಡು ವರ್ಷ ಲ್ಯಾಬಿನಲ್ಲಿ ಕೂರಿಸಿ ತಯಾರು ಮಾಡುವ ಕೆಲಸ ಅದರದ್ದಲ್ಲ.

ಅಮೆರಿಕದಲ್ಲಿರುವ ನಮ್ಮ ಕನ್ನಡ ಮನೆಗಳಿಗೆ ಒಂದು ಮಾತು. ಗ್ರೀನ್ ಕಾರ್ಡ್ ಇದ್ದರೆ ಎನ್‌ಲಿಸ್ಟ್ ಆಗಬಹುದು, ಅದು ನಿಜ. ಆದರೆ ಯುಎಸ್‌ಯು, ಎಚ್‌ಪಿಎಸ್‌ಪಿ ಎರಡರಲ್ಲೂ ಅಧಿಕಾರಿ ಆಗಲೇಬೇಕು, ಅದಕ್ಕೆ ಪೌರತ್ವ ಬೇಕು. ಫಾರ್ವರ್ಡ್‌ನಲ್ಲಿ ಈ ಸಾಲು ಯಾವತ್ತೂ ಇರುವುದಿಲ್ಲ.

ಕೊನೆಗೆ ‘ಮೆಡಿಕ್’. ಕಾಂಬ್ಯಾಟ್ ಮೆಡಿಕ್ ಅಂತ ಬಂದದ್ದನ್ನೆಲ್ಲ ‘ಸೇನಾ ವೈದ್ಯ’ ಅಂತ ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ಮೆಡಿಕ್ ಎನ್‌ಲಿಸ್ಟೆಡ್ ದರ್ಜೆಯವನು, ಗಾಯಾಳುವಿನ ಹತ್ತಿರ ಮೊದಲು ಓಡಿಹೋಗಿ ರಕ್ತ ನಿಲ್ಲಿಸುವವನು. ಅವರಲ್ಲಿ ಕೆಲವರು ಮುಂದೆ ಟೆಕ್ಸಸ್‌ನ ಫೋರ್ಟ್ ಸ್ಯಾಮ್ ಹ್ಯೂಸ್ಟನ್‌ನಲ್ಲಿ ಶುರುವಾಗುವ 29 ತಿಂಗಳ ಐಪ್ಯಾಪ್ ಕೋರ್ಸಿಗೆ ಹೋಗುತ್ತಾರೆ. ಅದನ್ನು ಮುಗಿಸಿದವರು ಫಿಸಿಷಿಯನ್ ಅಸಿಸ್ಟೆಂಟ್. ರೋಗಿಗಳನ್ನು ನೋಡುತ್ತಾರೆ, ಔಷಧಿ ಬರೆಯುತ್ತಾರೆ, ಅಧಿಕಾರಿಯೂ ಆಗುತ್ತಾರೆ, ಆದರೆ ಎಂಡಿ (ಅಮೆರಿಕದಲ್ಲಿ ಡಾಕ್ಟರ್ ಆಗುವ ಡಿಗ್ರಿ) ಅಲ್ಲ. ಎಂಡಿ ಆಗಬೇಕು ಅಂದರೆ ಅವರೂ ಎಂಕ್ಯಾಟ್ ಬರೆದು ಮೆಡಿಕಲ್ ಸ್ಕೂಲಿಗೇ ಅರ್ಜಿ ಹಾಕಬೇಕು.