ಗೂಗಲ್ ಇಲ್ಲದ ಆಂಡ್ರಾಯ್ಡ್: ನೋಟಿಫಿಕೇಶನ್ ಯಾಕೆ ಬರುವುದಿಲ್ಲ?

ನನ್ನ ಫೋನಿನಲ್ಲಿ ಇರುವುದು ಲಿನಿಯೇಜ್‌ಓಎಸ್, ಅಂದರೆ ಗೂಗಲ್ ಆ್ಯಪ್‌ಗಳಿಲ್ಲದೆ ಬರುವ ಆಂಡ್ರಾಯ್ಡ್. ಅದನ್ನು ಹಾಕುವ ವಿಧಾನ ಇಲ್ಲಿ ಬರೆಯುವುದಿಲ್ಲ. ಅದು ಪ್ರತಿ ಮಾಡೆಲ್‌ಗೂ ಬೇರೆ. ಅದಕ್ಕೆ ಮೊದಲು ಬೂಟ್‌ಲೋಡರ್ (ಫೋನ್ ಆನ್ ಆದಾಗ ಆಂಡ್ರಾಯ್ಡನ್ನು ಶುರುಮಾಡುವ ಸಾಫ್ಟ್‌ವೇರ್) ಅನ್‌ಲಾಕ್ ಮಾಡಬೇಕು. ಆಗ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಬ್ಯಾಕಪ್ ಮೊದಲು ತೆಗೆದಿಡಿ. ಆ್ಯಪ್‌ಗಳಿಗೆ ಎಫ್-ಡ್ರಾಯ್ಡ್ ಇದೆ, ತೆರೆದ ಕೋಡಿನ ಆ್ಯಪ್‌ಗಳ ಸ್ಟೋರ್. ಅಲ್ಲಿ ಸಿಗದಿದ್ದರೆ ಪ್ಲೇ ಸ್ಟೋರಿನ ಆ್ಯಪ್‌ಗಳನ್ನು ಇಳಿಸಿಕೊಡುವ ಅರೋರಾ ಸ್ಟೋರ್. ಇಷ್ಟು ಸುಲಭ.

ತಲೆ ತಿಂದದ್ದು ನೋಟಿಫಿಕೇಶನ್. ದಾವಣಗೆರೆಯ ನಮ್ಮ ಕಾಲೇಜಿನಲ್ಲಿ ಲ್ಯಾಬ್ ಮುಂದೂಡಿದ ಸುದ್ದಿ ಎಲ್ಲರ ಫೋನಿಗೂ ಬರುತ್ತದೆ. ನನ್ನದರಲ್ಲಿ ಆ್ಯಪ್ ತೆರೆದಾಗ ಮಾತ್ರ. ನೆಟ್ ಚೆನ್ನಾಗಿಯೇ ಇರುತ್ತದೆ. ಹಾಗಾದರೆ ತಡೆ ಎಲ್ಲಿ?

ಆಂಡ್ರಾಯ್ಡ್‌ನ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಪ್ಲೇ ಸರ್ವಿಸಸ್ ಹಾಗಲ್ಲ. ಅದು ಮೇಲೆ ಕೂರಿಸಿದ, ಕೋಡ್ ಮುಚ್ಚಿಟ್ಟ ಗೂಗಲ್ ಸಾಫ್ಟ್‌ವೇರ್. ಹಾಸ್ಟೆಲ್ ಗೇಟಿನಲ್ಲಿ ಒಬ್ಬರೇ ವಾಚ್‌ಮನ್ ಎಲ್ಲರ ಪಾರ್ಸೆಲ್ ಇಸಿದುಕೊಂಡು ಅವರವರ ರೂಮಿನ ಬಾಗಿಲು ತಟ್ಟುತ್ತಾರಲ್ವಾ, ಪ್ಲೇ ಸರ್ವಿಸಸ್ ಕೆಲಸವೂ ಅಷ್ಟೇ. ಗೂಗಲ್ ಸರ್ವರ್ ಜೊತೆ ಒಂದೇ ಸಂಪರ್ಕ ಇಟ್ಟುಕೊಂಡು, ಮೆಸೇಜ್ ಬಂದಾಗ ಆಯಾ ಆ್ಯಪನ್ನು ಎಬ್ಬಿಸುತ್ತದೆ. ಆ ಸರ್ವರಿನ ವ್ಯವಸ್ಥೆಗೆ ಎಫ್‌ಸಿಎಂ (ಫೈರ್‌ಬೇಸ್ ಕ್ಲೌಡ್ ಮೆಸೇಜಿಂಗ್) ಎಂದು ಹೆಸರು. ಪ್ಲೇ ಸರ್ವಿಸಸ್ ತೆಗೆದರೆ ಎಬ್ಬಿಸುವವರೇ ಇಲ್ಲ.

ಕೆಲವು ಆ್ಯಪ್‌ಗಳು ತಾವೇ ಎಚ್ಚರವಾಗಿರುತ್ತವೆ. ಮೆಸೇಜ್ ಕಳಿಸುವ ಸಿಗ್ನಲ್ ಆ್ಯಪ್ ಹಾಗೆ: ಪ್ಲೇ ಸರ್ವಿಸಸ್ ಕಾಣದಿದ್ದರೆ ತನ್ನದೇ ಸಂಪರ್ಕ ತೆರೆದಿಡುತ್ತದೆ. ಬ್ಯಾಟರಿ ಸ್ವಲ್ಪ ಜಾಸ್ತಿ ಹೋಗುತ್ತದೆ. ಇಲ್ಲೊಂದು ತೊಡಕಿದೆ. ಆಂಡ್ರಾಯ್ಡ್ 6ರಿಂದ ಡೋಜ್ ಎಂಬ ವ್ಯವಸ್ಥೆ ಬಂದಿದೆ. ಮುಟ್ಟದೆ ಇಟ್ಟ ಫೋನಿನಲ್ಲಿ ಅದು ಆ್ಯಪ್‌ಗಳನ್ನು ಮಲಗಿಸುತ್ತದೆ. ಅದಕ್ಕೇ ಆ ಆ್ಯಪಿನ ಬ್ಯಾಟರಿ ಸೆಟ್ಟಿಂಗಿನಲ್ಲಿ ನಿರ್ಬಂಧ ತೆಗೆಯಬೇಕು. ಎಲ್ಲ ಆ್ಯಪಿಗೂ ತೆಗೆಯಬೇಡಿ, ಬೇಕೇಬೇಕಾದದ್ದಕ್ಕೆ ಮಾತ್ರ.

ಉಳಿದ ಆ್ಯಪ್‌ಗಳಿಗೆ ಮೈಕ್ರೋಜಿ. ಪ್ಲೇ ಸರ್ವಿಸಸ್ ಮಾಡುವ ಹಲವು ಕೆಲಸಗಳನ್ನು ತೆರೆದ ಕೋಡಿನಲ್ಲಿ ಹೊಸದಾಗಿ ಬರೆದದ್ದು ಅದು. ಗೂಗಲ್ ಖಾತೆ ಬೇಕಿಲ್ಲ. ಅದರ ಸೆಟ್ಟಿಂಗಿನಲ್ಲಿ ಡಿವೈಸ್ ರಿಜಿಸ್ಟ್ರೇಶನ್, ಕ್ಲೌಡ್ ಮೆಸೇಜಿಂಗ್ ಎರಡನ್ನೂ ಆನ್ ಮಾಡಿ. ಈಗ ಗಮನ ಕೊಡಿ: ಮೈಕ್ರೋಜಿ ಮೊದಲು, ಆ್ಯಪ್ ಆಮೇಲೆ. ಸಾಮಾನ್ಯವಾಗಿ ಆ್ಯಪ್ ಮೊದಲ ಸಲ ತೆರೆದಾಗಲೇ ನೋಂದಣಿ ಮಾಡಿಕೊಳ್ಳುತ್ತದೆ. ಆಗ ಮೈಕ್ರೋಜಿ ಇಲ್ಲದಿದ್ದರೆ ಮುಂದೆಯೂ ಸುಮ್ಮನೇ ಇದ್ದುಬಿಡಬಹುದು. ಅಂಥ ಆ್ಯಪನ್ನು ತೆಗೆದು ಮತ್ತೆ ಹಾಕಿ. ಕ್ಲೌಡ್ ಮೆಸೇಜಿಂಗ್ ಪುಟದ ಪಟ್ಟಿಯಲ್ಲಿ ಅದರ ಹೆಸರು ಬಂತೆಂದರೆ ನೋಂದಣಿ ಆಗಿದೆ.

ಇಷ್ಟಾದರೂ ಮೆಸೇಜ್ ಬರುವ ದಾರಿ ಗೂಗಲ್ ಸರ್ವರ್ ಮೂಲಕವೇ. ಬದಲಾಗಿರುವುದು ನಿಮ್ಮ ಫೋನಿನೊಳಗಿನ ಸಾಫ್ಟ್‌ವೇರ್ ಮಾತ್ರ. ಆ ದಾರಿಯೂ ಬೇಡ ಎಂದರೆ ಗೂಗಲ್ ಸರ್ವರ್ ಇಲ್ಲದೆ ನೋಟಿಫಿಕೇಶನ್ ತಲುಪಿಸುವ ಯೂನಿಫೈಡ್‌ಪುಶ್ ಇದೆ, ಆದರೆ ಆ್ಯಪ್ ಅದಕ್ಕೆ ಒಗ್ಗಬೇಕು. ನನಗೆ ಮೈಕ್ರೋಜಿಯೇ ಸದ್ಯಕ್ಕೆ ಸರಿ ಎನಿಸಿದೆ.

ಮ್ಯಾಪಿಗೆ ಆರ್ಗ್ಯಾನಿಕ್ ಮ್ಯಾಪ್ಸ್. ಚಿತ್ರದುರ್ಗದ ಕೋಟೆ ಹತ್ತುವ ಮುಂಚೆ ಕರ್ನಾಟಕದ ನಕ್ಷೆ ಇಳಿಸಿಕೊಳ್ಳಿ, ಮೇಲೆ ನೆಟ್ ಬೇಕಾಗುವುದಿಲ್ಲ. ಮೊದಲ ಸಲ ಜಿಪಿಎಸ್ ಹಿಡಿಯಲು ತಡವಾಗಬಹುದು, ಬಯಲಿನಲ್ಲಿ ನಿಂತು ಕಾಯಿರಿ. ಕನ್ನಡ ಟೈಪಿಂಗಿಗೆ ಇಂಡಿಕ್ ಕೀಬೋರ್ಡ್ ಸಾಕು.

ಬ್ಯಾಂಕ್ ಆ್ಯಪ್‌ಗಳ ಬಗ್ಗೆ ಭರವಸೆ ಕೊಡಲಾರೆ. ಹಲವು ಆ್ಯಪ್‌ಗಳು ಪ್ಲೇ ಇಂಟೆಗ್ರಿಟಿ ಎಂಬ ಗೂಗಲ್ ವ್ಯವಸ್ಥೆಯ ಮೂಲಕ ಫೋನನ್ನು ಪರೀಕ್ಷಿಸುತ್ತವೆ. ಬೂಟ್‌ಲೋಡರ್ ಅನ್‌ಲಾಕ್ ಆಗಿದ್ದರೆ ಅವು ತೆರೆಯದೇ ಇರಬಹುದು. ಅಂಗಡಿಯಲ್ಲಿ ಯುಪಿಐ ಬೇಕೇ ಬೇಕು ಎನ್ನುವವರು ಬ್ಯಾಂಕಿಗೆ ಕೊಟ್ಟ ನಂಬರಿನಿಂದ *99# ಒತ್ತಿ ನೋಡಿ. ಆ್ಯಪ್ ಬೇಡ, ನೆಟ್ ಬೇಡ, ಒಂದು ಸಲಕ್ಕೆ 5,000 ರೂಪಾಯಿವರೆಗೆ ಕಳಿಸಬಹುದು.