ಕೋಡ್ ಕೇಳಿದವರಿಗೆಲ್ಲ ಬರೆದುಕೊಡಬಹುದಾ?

ಮದುವೆ ಕಾರ್ಡ್ ಅಂತ, ಪಿಎಂ ಕಿಸಾನ್ ಅಂತ ವಾಟ್ಸಾಪ್‌ನಲ್ಲಿ ಬರುವ ಎಪಿಕೆ (ಆಂಡ್ರಾಯ್ಡ್ ಆ್ಯಪ್ ಇನ್‌ಸ್ಟಾಲ್ ಮಾಡುವ) ಫೈಲ್‌ಗಳು ರಾಯಚೂರು, ಕೊಪ್ಪಳದ ಹಳ್ಳಿಗಳಿಗೂ ಈಗ ಹೊಸದಲ್ಲ. ಇನ್‌ಸ್ಟಾಲ್ ಮಾಡಿ, ಕೇಳಿದ್ದಕ್ಕೆಲ್ಲ 'ಅಲೋ' ಒತ್ತಿದರೆ ಓಟಿಪಿ ಬೇರೆಯವರ ಕೈಗೆ ಹೋಗುತ್ತದೆ. ಬೈಗುಳವೆಲ್ಲ ಆ್ಯಪ್ ಕಳಿಸಿದವನಿಗೆ. ಅದರ ಕೋಡ್ ಬರೆಯಲು ನೆರವಾದವರ ಮಾತು ಯಾರೂ ಎತ್ತುವುದಿಲ್ಲ.

ಇಂಥ ಕೋಡ್ ಬರೆದವರ, ನೆರವಾದವರ ಹೊಣೆ ಎಷ್ಟು ಅನ್ನುವ ಜಗಳ ಮಾತ್ರ ಹಳೆಯದು. 1988ರಲ್ಲಿ ಅಮೆರಿಕದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ವರ್ಮ್ (ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ತಾನೇ ಹರಡುವ ಪ್ರೋಗ್ರಾಂ) ಸಾವಿರಾರು ಕಂಪ್ಯೂಟರ್‌ಗಳನ್ನು ಮಲಗಿಸಿತು. 1995ರಲ್ಲಿ ನೆಟ್‌ವರ್ಕ್‌ನ ತೂತು ಹುಡುಕುವ 'ಸೇಟನ್' ಎಂಬ ಟೂಲ್ ಉಚಿತವಾಗಿ ಸಿಕ್ಕಾಗ, ಇದು ಕಾವಲುಗಾರನಿಗೋ ಕಳ್ಳನಿಗೋ ಅಂತ ವಾದ ನಡೆಯಿತು. 2007ರಲ್ಲಿ ಜರ್ಮನಿ ಇಂಥ ಟೂಲ್‌ಗಳ ಮೇಲೆಯೇ ಕಾನೂನು ತಂದಿತು. ನಮ್ಮ 2000ದ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 43(ಜಿ) ಕಲಮು, ಅಕ್ರಮವಾಗಿ ಕಂಪ್ಯೂಟರ್‌ಗೆ ನುಗ್ಗಲು ನೆರವಾಗುವುದೂ ತಪ್ಪೇ ಅನ್ನುತ್ತದೆ. 2008ರ ತಿದ್ದುಪಡಿ ಬಂದ ಮೇಲೆ, ಮೋಸದ ಉದ್ದೇಶವಿದ್ದರೆ 3 ವರ್ಷದವರೆಗೆ ಜೈಲು.

ಉದ್ದೇಶ ತಿಳಿಯುವುದು ಹೇಗೆ? ಎಸ್‌ಎಂಎಸ್ ಫಾರ್ವರ್ಡ್ ಮಾಡುವ ಆ್ಯಪನ್ನೇ ನೋಡಿ. ಗಂಗಾವತಿಯ ರೈಸ್ ಮಿಲ್ ಮಾಲೀಕರ ಫೋನಿಗೆ ಬ್ಯಾಂಕ್ ಮೆಸೇಜ್ ಬರುತ್ತದೆ, ಲೆಕ್ಕ ಬರೆಯುವ ಗುಮಾಸ್ತರು ಮಿಲ್‌ನಲ್ಲಿರುತ್ತಾರೆ. ಮೆಸೇಜ್ ಅವರಿಗೂ ಹೋಗಲಿ ಅನ್ನುವುದು ನ್ಯಾಯವಾದ ಬೇಡಿಕೆಯೇ, ಅಲ್ವಾ? ಕೆಲಸವೂ ಚಿಕ್ಕದು. ಎಸ್‌ಎಂಎಸ್ ಓದಲು ಪರ್ಮಿಷನ್ ಕೇಳಬೇಕು, ಬಂದದ್ದನ್ನು ಇನ್ನೊಂದು ನಂಬರಿಗೋ ಟೆಲಿಗ್ರಾಂ ಬಾಟ್‌ಗೋ (ಪ್ರೋಗ್ರಾಂ ನಡೆಸುವ ಟೆಲಿಗ್ರಾಂ ಖಾತೆ) ಕಳಿಸಬೇಕು. ಕಳ್ಳ ಆ್ಯಪ್ ಮಾಡುವುದೂ ಅಷ್ಟೇ. 2019ರಿಂದ ಪ್ಲೇ ಸ್ಟೋರ್ ಈ ಪರ್ಮಿಷನ್ ಬಿಗಿ ಮಾಡಿದೆ. ಎಪಿಕೆ ವಾಟ್ಸಾಪ್ ದಾರಿ ಹಿಡಿಯಲು ಅದೂ ಒಂದು ಕಾರಣ.

ವ್ಯತ್ಯಾಸ ಇರುವುದು ಕೋಡ್ ಸುತ್ತಮುತ್ತ. ಮಾಲೀಕರ ಆ್ಯಪ್ ಅವರ ಫೋನಿನಲ್ಲಿ ರಾಜಾರೋಷವಾಗಿ ಕೂತಿರುತ್ತದೆ. ಕಳ್ಳ ಆ್ಯಪಿಗೆ ಐಕಾನ್ ಕಾಣಬಾರದು, ಹೆಸರು ಮದುವೆ ಕಾರ್ಡ್ ಇರಬೇಕು. ಬಂದವನು ಅಷ್ಟು ಕೇಳಿದ ಮೇಲೂ 'ಯಾರ ಫೋನಿಗೆ ಇದು?' ಅಂತ ವಿಚಾರಿಸದೆ ಕೋಡ್ ಬರೆದುಕೊಟ್ಟರೆ, ನನಗೆ ಗೊತ್ತಿರಲಿಲ್ಲ ಅನ್ನುವ ಮಾತಿಗೆ ತೂಕ ಕಡಿಮೆ. ಹಾಗಂತ ಎಸ್‌ಎಂಎಸ್ ಅಂದ ಕೂಡಲೇ ಬಾಗಿಲು ಹಾಕಿದರೆ ಕಲಿಯುವ ಹುಡುಗರಿಗೇ ನಷ್ಟ.

2022ರ ಕೊನೆಗೆ, ಕೋಡನ್ನೂ ಬರೆದುಕೊಡುವ ಎಐ ಚಾಟ್‌ಜಿಪಿಟಿ ಬಂದ ಮೇಲೆ ಇದು ಇನ್ನಷ್ಟು ಗೋಜಲಾಗಿದೆ. ಒಟ್ಟಿಗೆ ಕೇಳಿದರೆ ಬೇಡ ಅನ್ನುವ ಎಐ, ಬಿಡಿಬಿಡಿಯಾಗಿ ಕೇಳಿದರೆ ಕೊಟ್ಟುಬಿಡಬಹುದು. ಇವತ್ತು ಮೆಸೇಜ್ ಓದುವುದು, ನಾಳೆ ಬಾಟ್‌ಗೆ ಕಳಿಸುವುದು, ನಾಡಿದ್ದು ಐಕಾನ್ ಅಡಗಿಸುವುದು. ಮೊದಲೆರಡು ಪ್ರಶ್ನೆಗಳು ಯಾವ ಕಾಲೇಜು ಪ್ರಾಜೆಕ್ಟ್‌ನಲ್ಲಾದರೂ ಬರುವಂಥವೇ. ಮೂರನೆಯದಕ್ಕೆ ಮಾತ್ರ 'ಯಾಕೆ?' ಅಂತ ಕೇಳಲು ಅಡ್ಡಿಯಿಲ್ಲ, ಉತ್ತರ ಕೊಡುವುದು ಮನುಷ್ಯನಾಗಲಿ ಯಂತ್ರವಾಗಲಿ.