‘ನಮ್ಮ ಮನೆಯವರಿಗೆ ಜ್ವರ’

ಪುಣೆಯ ಐಟಿ ಪ್ರದೇಶವಾದ ಹಿಂಜವಡಿಯಲ್ಲಿ ದುಡಿಯುವ ಕೆಲವು ಕನ್ನಡಿಗರಿಗೆ ನಮ್ಮ ವ್ಯಾಕರಣ ಗುಟ್ಟಾಗಿ ಒಂದು ಉಪಕಾರ ಮಾಡಿದೆ. ‘ನಮ್ಮ ಮನೆಯವರಿಗೆ ಜ್ವರ, ಈಗಷ್ಟೇ ಡಾಕ್ಟರ ಹತ್ತಿರ ಹೋಗಿ ಬಂದರು’ ಎಂದರೆ ಬಂದವರು ಗಂಡೋ ಹೆಣ್ಣೋ ತಿಳಿಯದು. ಮರಾಠಿಯಲ್ಲಿ ‘ಆಲಾ’ (ಬಂದ), ‘ಆಲೀ’ (ಬಂದಳು) ಎನ್ನದೆ ಗತಿಯಿಲ್ಲ. ಗೌರವ ಕೊಟ್ಟರೂ ‘ಆಲೇ’, ‘ಆಲ್ಯಾ’ ಎಂದು ಕ್ರಿಯಾಪದವೇ ಬಾಯಿಬಿಡುತ್ತದೆ. ಹಿಂದಿಯದೂ ಅದೇ ಕಥೆ. ಗಂಡಸಿನೊಂದಿಗೆ ಬಾಳುತ್ತ ಅದನ್ನು ಮುಚ್ಚಿಟ್ಟ ಗಂಡಸು ಆಫೀಸಿನಲ್ಲಿ ಒಂದೊಂದು ಕ್ರಿಯಾಪದವನ್ನೂ ತೂಗಿ ಆಡಬೇಕು.

‘ಅದು ಖಾಸಗಿ ವಿಷಯ, ಆಫೀಸಿಗೆ ಯಾಕೆ ತರಬೇಕು?’ ಎನ್ನುವವರನ್ನು ಕಂಡರೆ ನನಗೆ ರೇಗುತ್ತದೆ. ಅವರ ಮೇಜಿನ ಮೇಲೆ ಹೆಂಡತಿಯ ಫೋಟೊ ಇರುತ್ತದೆ, ವಾಟ್ಸಾಪ್ ಗುಂಪಿನಲ್ಲಿ ಮಗನ ನಾಮಕರಣದ ಕರೆಯೋಲೆ!

ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎನ್ನುತ್ತಾರಲ್ಲ, ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಅದನ್ನೇ ಪ್ರಯೋಗಕ್ಕೆ ಇಳಿಸಿದರು. ಅವರ ಕೋತಿ ಬಿಳಿ ಕರಡಿ. ಐದು ನಿಮಿಷ ಅದನ್ನು ಯೋಚಿಸಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ಮತ್ತೆ ಮತ್ತೆ ಬಾರಿಸಿತು. ಬೇಡದ್ದನ್ನು ಹೊರಗಿಡಲು ಮನಸ್ಸಿನ ಒಂದು ಭಾಗ ಅದನ್ನೇ ಹುಡುಕುತ್ತ ಬಾಗಿಲಲ್ಲಿ ಕಾವಲು ಕೂರಬೇಕು. ಗುಟ್ಟು ಕಾಯುವವನ ಪಾಡೂ ಇದೇ, ಒಲೆಯ ಮೇಲೆ ಹಾಲಿಟ್ಟು ಪುಸ್ತಕ ಓದಿದಂತೆ. ನಲ್ಲಿ ಕೆಳಗೆ ಕೊಡವಿಟ್ಟು ಫೋನಿನಲ್ಲಿ ಮಾತಾಡಿದಂತೆ. ಹಾಲು ಉಕ್ಕಿದರೆ ಒಲೆ ಒರೆಸಿದರಾಯಿತು, ಇಲ್ಲಿ ಉಕ್ಕಿದರೆ ಏನಾದೀತೋ ಎಂಬ ಅಂಜಿಕೆ ಬೇರೆ. ಈ ಮುಚ್ಚಿಡುವಿಕೆಯನ್ನು ಸಂಶೋಧಕ ಇಲಾನ್ ಮೇಯರ್ 2003ರಲ್ಲಿ ‘ಅಲ್ಪಸಂಖ್ಯಾತರ ಒತ್ತಡ’ದ, ಅಂದರೆ ಸಲಿಂಗಿಗಳಂಥವರು ಸಮಾಜದ ತಾತ್ಸಾರದಿಂದಾಗಿ ಹೆಚ್ಚಾಗಿ ಹೊರಬೇಕಾದ ಒತ್ತಡದ, ಪಟ್ಟಿಗೆ ಸೇರಿಸಿದರು. ದಿನವಿಡೀ ಕಾವಲು ಕಾದವನಿಗೆ ಕೆಲಸ ರುಚಿಸುವುದು ಹೇಗೆ?

ಇನ್ನು ಮೇಲಧಿಕಾರಿ. ಮನೆ-ಕೆಲಸ ತೂಗಿಸಲು ಅವರು ಕೊಡಬಹುದಾದ ಆಸರೆಯನ್ನು ಸಂಶೋಧಕಿ ಲೆಸ್ಲಿ ಹ್ಯಾಮರ್ ತಂಡ 2009ರಲ್ಲಿ ನಾಲ್ಕಾಗಿ ವಿಂಗಡಿಸಿತು: ಕಿವಿಗೊಡುವುದು, ಪಾಳಿ ಹೊಂದಿಸಿಕೊಡುವುದು, ತಾನೇ ಹಾಗೆ ನಡೆದು ತೋರಿಸುವುದು, ಕೆಲಸದ ಏರ್ಪಾಟನ್ನೇ ಬದಲಿಸುವುದು. ಆದರೆ ಮೊದಲು ಮನೆಯಲ್ಲಿ ಯಾರಿದ್ದಾರೆಂದು ಹೇಳಿದವರಿಗೇ ಈ ಆಸರೆ ಸಲೀಸು. ಕಾನೂನಿನ ಆಸರೆಯೂ ಅರ್ಧಕ್ಕೇ ನಿಂತಿದೆ. ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ 1860ರ ದಂಡಸಂಹಿತೆಯ 377ನೇ ಕಲಮು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧಕ್ಕೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. 2023ರಲ್ಲಿ ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಅದೇ ಕೋರ್ಟ್ ಒಪ್ಪಲಿಲ್ಲ. ಕಾಗದದಲ್ಲಿ ಸಂಗಾತಿಯೇ ಇಲ್ಲದ ಮೇಲೆ ರಜೆಯ ಅರ್ಜಿಗೆ ಉಳಿಯುವ ದಾರಿ ಬಾಸಿನ ಒಳ್ಳೆಯತನ.

ನನ್ನ ಹಳೆಯ ಆಫೀಸಿನಲ್ಲಿ ಬೆಳಗಾವಿ ಕಡೆಯ ಲೀಡ್ ಒಬ್ಬರಿದ್ದರು. ತಂಡದ ಹುಡುಗನೊಬ್ಬ ‘ಮನೆಯವರಿಗೆ ಜ್ವರ’ ಎಂದಾಗ ಯಾರಿಗೆಂದು ಕೇಳಲಿಲ್ಲ. ‘ಹೋಗ್ರಿ, ಸಂಜಿ ಕಾಲ್ ನಾ ನೋಡ್ಕೋತೀನಿ’ ಎಂದರು. ಮರುದಿನ ಕೇಳಿದ್ದೂ ಇಷ್ಟೇ: ‘ಜ್ವರ ಇಳೀತೇನ್ರಿ ಅವರದು?’